ಆಲೆಮನೆ ರೇಡಿಯೊಗೆ ಎಂಟು ಕಾಲಿನ ಸಾಕೆಟ್

ಪಾಂಡವಪುರದ ಹತ್ತಿರ ನಮ್ಮ ಮಾವನದೊಂದು ಆಲೆಮನೆ ಇದೆ. ಅಲ್ಲಿ ಕೊಪ್ಪರಿಗೆಯಿಂದ ಹತ್ತು ಅಡಿ ದೂರದಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ ಒಂದು ವಾಲ್ವ್ ರೇಡಿಯೊ, ಅಂದರೆ ಬಲ್ಬಿನಂಥ ವಾಲ್ವ್‌ಗಳಿಂದ ನಡೆಯುವ ಹಳೆ ಕಾಲದ್ದು. ರಚ್ಚಿನ ಹೊಗೆ, ಪಾಕದ ಆವಿ ಎಲ್ಲ ಕುಡಿದು ಅದರ ಮರದ ಪೆಟ್ಟಿಗೆ ಬೆಲ್ಲದ ಬಣ್ಣಕ್ಕೇ ತಿರುಗಿದೆ. ಡಯಲ್ ಮೇಲಿನ ಕಂಪನಿ ಹೆಸರು ಅಳಿಸಿಹೋಗಿ ಎಷ್ಟೋ ವರ್ಷವಾಯಿತು. ಹೋದ ತಿಂಗಳು ಮಾವ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಗಾಡಿ ಹಿಂದೆ ಕಟ್ಟಿಕೊಂಡು ಮಂಡ್ಯಕ್ಕೇ ತಂದುಬಿಟ್ಟರು.

"ಪಟ್ ಅಂತು ಅಳಿಯ. ಒಳಗೆ ನೀಲಿ ಕಿಡಿ. ಆಮೇಲೆ ಸುಟ್ಟ ವಾಸ್ನೆ. ಅಷ್ಟೆ ಕಣಪ್ಪ, ಅಲ್ಲಿಂದ ಉಸಿರೇ ಇಲ್ಲ."

"ಅದಕ್ಕೆ ಮುಂಚೆ ಏನಾದ್ರೂ ತೊಂದ್ರೆ ಕೊಡ್ತಿತ್ತಾ ಮಾವ?"

"ಏನಿಲ್ಲ. ಸೌಂಡು ಆಗಾಗ ಹೋಗಿ ಬರೋದು. ತಲೆ ಮೇಲೆ ಒಂದು ತಟ್ಟಿದ್ರೆ ಸರಿಹೋಗೋದು."

ಆ ಕೊನೆಯ ಮಾತನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಬೇಕಿತ್ತು.

ಭಾನುವಾರ: ಬಿಚ್ಚಿ ನೋಡಿದ್ದು

ವಾಲ್ವ್ ರೇಡಿಯೊ ಬಿಚ್ಚುವವರಿಗೆ ಒಂದು ಮಾತು. ಒಳಗೆ 250ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ, ಚಾರ್ಜ್ ಕೂಡಿಟ್ಟುಕೊಳ್ಳುವ ಫಿಲ್ಟರ್ ಕೆಪಾಸಿಟರ್‌ನಲ್ಲಿ ಅದು ಕಾದು ಕೂತಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ ಅನ್ನಿಸುವ ಶೂರರಿದ್ದಾರೆ. ನಾನು 10 ಕಿಲೋ ಓಮ್‌ನ 5 ವ್ಯಾಟ್ ರೆಸಿಸ್ಟರ್‌ಗೆ ಎರಡು ವೈರ್ ಬೆಸೆದು ಇಟ್ಟುಕೊಂಡಿದ್ದೇನೆ. ಅದನ್ನು ಕೆಪಾಸಿಟರ್‌ಗೆ ಹಿಡಿದು, ಹತ್ತು ಎಣಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿಯೇ ಕೈ ಒಳಗೆ ಹಾಕುವುದು.

ಚಾಸಿ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆ, ಮಗುಚಿದ ತಕ್ಷಣ ಕಾರಣ ಕಾಣಿಸಿತು. ಸ್ಪೀಕರ್ ಓಡಿಸುವ 6ವಿ6 ವಾಲ್ವಿನ ಸಾಕೆಟ್ ಸುಟ್ಟಿತ್ತು. ಕಂದು ಬೇಕ್‌ಲೈಟ್ ಮೇಲೆ, ಎರಡನೇ ಕಾಲಿಗೂ ಮೂರನೇ ಕಾಲಿಗೂ ನಡುವೆ, ಪೆನ್ಸಿಲ್‌ನಲ್ಲಿ ಎಳೆದಂಥ ಕಪ್ಪು ಗೆರೆ. ಮೂರನೇ ಕಾಲು ಪ್ಲೇಟ್, ಅಲ್ಲಿ ಇಡೀ ಹೈ ವೋಲ್ಟೇಜ್. ಎರಡನೇ ಕಾಲು ವಾಲ್ವನ್ನು ಕಾಯಿಸುವ ಹೀಟರ್, ಅದರ ಒಂದು ಕಡೆ ಚಾಸಿಗೇ ಸೇರಿದೆ. ಕಿಡಿ ಹಾರುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಜೊತೆಗೆ ಸಾಕೆಟ್ ಮೇಲೆ ಅಂಟಂಟಾದ ಒಂದು ಪದರ, ಅದರಲ್ಲಿ ಸತ್ತ ಇರುವೆಗಳು. ಆಲೆಮನೆ ಅಲ್ವಾ.

ವಾಲ್ವ್ ತೆಗೆದು, ಆ ಕಾಲುಗಳ ವೈರ್ ಬಿಡಿಸಿ, ಮಲ್ಟಿಮೀಟರ್ ಹಿಡಿದೆ. 8 ಮೆಗಾ ಓಮ್ ತೋರಿಸಿತು. ಇಷ್ಟಿದ್ದರೆ ಪರವಾಗಿಲ್ಲವಲ್ಲ ಅನ್ನಿಸಿತು. ಆದರೆ ಮಲ್ಟಿಮೀಟರ್ ಅಳೆಯುವುದು ತನ್ನ ಪುಟ್ಟ ಬ್ಯಾಟರಿಯ ವೋಲ್ಟೇಜಿನಲ್ಲಿ. ಅಲ್ಲಿ ಓಡುವುದು 250. ಪಕ್ಕದ ಬೀದಿಯಲ್ಲಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಯಿದೆ. ಅವರ ಹತ್ತಿರ ಕೈಯಲ್ಲಿ ತಿರುಗಿಸುವ 500 ವೋಲ್ಟ್ ಮೆಗ್ಗರ್ ಇದೆ, ಹೈ ವೋಲ್ಟೇಜ್ ಕೊಟ್ಟು ಸೋರಿಕೆ ನೋಡುವ ಮೀಟರ್. ಸಾಕೆಟ್ ಬಿಚ್ಚಿ ತೆಗೆದುಕೊಂಡು ಹೋಗಿ ಹಿಡಿದು ತಿರುಗಿಸಿದರೆ ಮುಳ್ಳು ಸೀದಾ ಸೊನ್ನೆಗೆ ಹೋಗಿ ಮಲಗಿತು. ಗೆರೆಯ ಮೇಲೆ ಸಣ್ಣದಾಗಿ ಕೆಂಡವೂ ಕಾಣಿಸಿತು.

ಬೇಕ್‌ಲೈಟ್ ಒಮ್ಮೆ ಕಿಡಿಗೆ ಸುಟ್ಟರೆ ಅದರ ಮೈಯೇ ಇದ್ದಿಲಾಗುತ್ತದೆ. ಇದ್ದಿಲು ಕರೆಂಟ್ ಬಿಡುತ್ತದೆ, ಬಿಟ್ಟಷ್ಟೂ ಬಿಸಿ, ಬಿಸಿಯಾದಷ್ಟೂ ಇನ್ನಷ್ಟು ಇದ್ದಿಲು. ಬ್ಲೇಡಿನಲ್ಲಿ ಕೆರೆದು ಮೇಲೆ ನೇಲ್ ಪಾಲಿಷ್ ಹಚ್ಚಿ ನಡೆಸುವವರಿದ್ದಾರೆ. ನಾನೂ ಕೆರೆದೆ, ಸುಮ್ನೆ ಹೇಳಬಾರದು. ಒಂದು ಮಿ.ಮೀ. ಆಳ ಹೋದರೂ ಕಪ್ಪು ಮುಗಿಯಲಿಲ್ಲ. ಬಿಟ್ಟೆ.

ಸಿಗುವ ಸಾಕೆಟ್ಟು, ಸಿಗದ ಹಿಡಿತ

ಈ ಸಾಕೆಟ್‌ಗೆ ಆಕ್ಟಲ್ ಅನ್ನುತ್ತಾರೆ. ವಾಲ್ವಿನ ತಳದಲ್ಲಿ ವೃತ್ತದ ಮೇಲೆ ಎಂಟು ಕಾಲು, ನಡುವೆ ಒಂದು ಪ್ಲಾಸ್ಟಿಕ್ ಗೂಟ, ಗೂಟದ ಒಂದು ಪಕ್ಕದಲ್ಲಿ ಏಣು. ಆ ಏಣು ಸಾಕೆಟ್ಟಿನ ತೋಡಿನಲ್ಲಿ ಕೂತರೆ ಮಾತ್ರ ವಾಲ್ವ್ ಒಳಗೆ ಹೋಗುತ್ತದೆ. ಕತ್ತಲಲ್ಲೂ ತಪ್ಪದೆ ಹಾಕಬಹುದು. 1935ರಲ್ಲಿ ಅಮೆರಿಕದಲ್ಲಿ ಆರ್‌ಸಿಎ ಲೋಹದ ಕವಚದ ವಾಲ್ವ್‌ಗಳ ಜೊತೆ ಇದನ್ನು ಹೊರತಂದಿತು. ಅದೇ 1935ರಲ್ಲಿ ನಮ್ಮ ಮೈಸೂರಿನ ಒಂಟಿಕೊಪ್ಪಲಿನಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದ್ದು, ಆಕಾಶವಾಣಿ ಅನ್ನುವ ಹೆಸರು ಬಂದದ್ದು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಸಾಕೆಟ್ ಕೈಯಲ್ಲಿ ಹಿಡಿದಾಗ ಇದು ನೆನಪಾಯಿತು.

ಆನ್‌ಲೈನ್‌ನಲ್ಲಿ ಪಿಂಗಾಣಿಯ ಆಕ್ಟಲ್ ಸಾಕೆಟ್ ಸಿಗುತ್ತದೆ. ನೂರಿನ್ನೂರು ರೂಪಾಯಿ. ತರಿಸಿದೆ. ಮೈ ಚೆನ್ನಾಗಿತ್ತು, ಕಾಲನ್ನು ಹಿಡಿಯುವ ಕಾಂಟ್ಯಾಕ್ಟ್‌ಗಳು ದರಿದ್ರ. ವಾಲ್ವ್ ಹಾಕಿ ತಲೆಕೆಳಗು ಮಾಡಿದರೆ ತಾನಾಗಿಯೇ ಕೆಳಗೆ ಬೀಳುತ್ತಿತ್ತು. ಎರಡು ಕಾಂಟ್ಯಾಕ್ಟ್ ಗುಂಡಿಯೊಳಗೆ ಗಿರಗಿರ ತಿರುಗುತ್ತಿದ್ದವು. ಸಾಕೆಟ್ ಅಂದರೆ ಹಿಡಿತ. ಹಿಡಿತ ಇಲ್ಲದ ಪಿಂಗಾಣಿ ಇಟ್ಟುಕೊಂಡು ಏನು ಮಾಡಲಿ, ಊದುಬತ್ತಿ ಸಿಕ್ಕಿಸಬಹುದು ಅಷ್ಟೆ.

ಆ ಮೋಟಾರ್ ಅಂಗಡಿಗೆ ಇನ್ನೊಂದು ಸಲ ಹೋದಾಗ ಅಲ್ಲಿ ಒಂದು ಪಂಪ್‌ಸೆಟ್ ಪ್ಯಾನೆಲ್ ಬಿಚ್ಚಿ ಇಟ್ಟಿದ್ದರು. ಅದರಲ್ಲಿ ಒಂದು ಟೈಮರ್, ಅದರ ಕೆಳಗೆ ಗುಂಡಗಿನ ಕಪ್ಪು ಬೇಸ್. ಎಂಟು ತೂತು, ನಡುವೆ ಗೂಟದ ಗುಂಡಿ. ಇದು ಅದೇ! ಎಂಟು ಪಿನ್ನಿನ ರಿಲೇ, ಟೈಮರ್‌ಗಳು ಇವತ್ತಿಗೂ ನಿಂತಿರುವುದು ವಾಲ್ವಿನ ಆ ಆಕ್ಟಲ್ ಕಾಲಿನ ಮೇಲೇ. ವಾಲ್ವ್ ಕಾಲ ಮುಗಿದು ಎಷ್ಟೋ ದಿನವಾದರೂ ಅದರ ಸಾಕೆಟ್ ಮಂಡ್ಯದ ಗದ್ದೆ ಬದಿಯ ಪಂಪ್‌ಹೌಸ್‌ಗಳಲ್ಲಿ ಕೆಲಸ ಮಾಡುತ್ತಲೇ ಇದೆ. ಹೊಸದೊಂದು ಕೊಂಡು, ಮನೆಗೆ ಓಡಿ ಬಂದು 6ವಿ6 ಸಿಕ್ಕಿಸಿದೆ. ಗಟ್ಟಿಯಾಗಿ, ಗರಗರ ಅನ್ನುತ್ತಾ ಕೂತಿತು. ಎಂಥಾ ಹಿಡಿತ!

ಆದರೆ ಅದನ್ನು ರೇಡಿಯೊದಲ್ಲಿ ಕೂರಿಸಲು ಆಗುವುದಿಲ್ಲ. ಅದು ಪ್ಯಾನೆಲ್ ಹಳಿಗೆ ಸಿಕ್ಕಿಸುವ ಸಾಮಾನು. ಎತ್ತರ ಜಾಸ್ತಿ, ಸ್ಕ್ರೂಗಳೆಲ್ಲ ಮೇಲಿನ ಕಡೆ. ಚಾಸಿಯ ಮೇಲೆ 250 ವೋಲ್ಟಿನ ಸ್ಕ್ರೂ ಬಾಯಿ ತೆರೆದು ನಿಲ್ಲಿಸುವುದು ಮಾವನ ಪ್ರಾಣಕ್ಕೆ ಒಳ್ಳೆಯದಲ್ಲ. ಅದನ್ನು ಮೇಜಿನ ಮೇಲೆ ವಾಲ್ವ್ ಪರೀಕ್ಷೆಗೆ ಇಟ್ಟುಕೊಂಡೆ. ರೇಡಿಯೊಗೆ ಬೇರೆಯೇ ಮಾಡಬೇಕು.

ಎರಡು ಅಂಕಿ ಸಾಕು

ಅಳತೆಗೆ ಕೂತೆ. ಎಂಟು ಕಾಲಿನ ವೃತ್ತದ ವ್ಯಾಸ 17.45 ಮಿ.ಮೀ., ಅಂದರೆ ಇಂಚಿನ ಹದಿನಾರರಲ್ಲಿ ಹನ್ನೊಂದು ಭಾಗ. ಕಾಲಿನಿಂದ ಕಾಲಿಗೆ 45 ಡಿಗ್ರಿ. ಒಂದೊಂದು ಕಾಲಿನ ದಪ್ಪ 2.36 ಮಿ.ಮೀ. ಕೋನಮಾಪಕ ಇಟ್ಟು 45 ಡಿಗ್ರಿ ಎಳೆಯಲು ಹೋದರೆ ಖಂಡಿತ ತಪ್ಪುತ್ತದೆ. ಅದಕ್ಕಿಂತ ಸುಲಭದ ದಾರಿ ಇದೆ. ಗೂಟದ ಏಣು ಒಂದನೇ ಕಾಲಿಗೂ ಎಂಟನೇ ಕಾಲಿಗೂ ಸರಿಯಾಗಿ ನಡುವೆ ಬರುತ್ತದೆ. ಹಾಗಾಗಿ ನಡುಬಿಂದುವಿನಿಂದ ಅಳೆದರೆ ಎಂಟೂ ಕಾಲುಗಳಿಗೆ ಎರಡೇ ಅಂಕಿ: 3.34 ಮತ್ತು 8.06 ಮಿ.ಮೀ. ಅಡ್ಡ 3.34 ಹೋದರೆ ಉದ್ದ 8.06. ಅಡ್ಡ 8.06 ಹೋದರೆ ಉದ್ದ 3.34. ಎಡ, ಬಲ, ಮೇಲೆ, ಕೆಳಗೆ ಮಾಡಿದರೆ ಎಂಟು ಬಿಂದು ಮುಗಿಯಿತು. ಅಕ್ಕಪಕ್ಕದ ಕಾಲುಗಳ ನಡುಬಿಂದುಗಳ ದೂರ 6.68 ಬಂದರೆ ಲೆಕ್ಕ ಸರಿ.

ಕಂಪ್ಯೂಟರ್‌ನಲ್ಲಿ ಬರೆದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ವರ್ನಿಯರ್ ಹಿಡಿದರೆ ವೃತ್ತ 16.9 ಮಿ.ಮೀ.! ಪುಟಕ್ಕೆ ಹೊಂದಿಸು ಅನ್ನುವ ಗುರುತು ತೆಗೆಯದೆ ಒತ್ತಿದ್ದರು. ನೂರಕ್ಕೆ ನೂರು ಅಳತೆಯಲ್ಲಿ ಎರಡನೇ ಸಲ ತೆಗೆಸಿದೆ. ಯಾವ ಪ್ರಿಂಟ್ ತೆಗೆದರೂ ಪಕ್ಕದಲ್ಲಿ 50 ಮಿ.ಮೀ.ನ ಒಂದು ಗೆರೆ ಹಾಕಿಕೊಂಡರೆ ಸ್ಕೇಲ್ ಇಟ್ಟ ಕ್ಷಣದಲ್ಲೇ ಗೊತ್ತಾಗುತ್ತದೆ. ಈಗ ಹಾಕುತ್ತೇನೆ.

ಕಾಂಟ್ಯಾಕ್ಟ್ ಎಲ್ಲಿಂದ?

ಎಲ್ಲಕ್ಕಿಂತ ತಲೆ ತಿಂದದ್ದು ಇದು. ಹಲಗೆಗೆ ತೂತು ಯಾರು ಬೇಕಾದರೂ ಕೊರೆಯಬಹುದು. ಪಿನ್ನನ್ನು ಸುತ್ತಲೂ ಅಪ್ಪಿ ಹಿಡಿಯುವ, ನೂರು ಸಲ ಹಾಕಿ ತೆಗೆದರೂ ಸಡಿಲವಾಗದ ಸ್ಪ್ರಿಂಗ್ ಅನ್ನು ಮನೆಯಲ್ಲಿ ಮಾಡುವುದು ಕಷ್ಟ. ಹಿತ್ತಾಳೆ ತಗಡು ಕತ್ತರಿಸಿ ಸುತ್ತಿ ನೋಡಿದೆ. ಮೊದಲ ಸಲ ಬಿಗಿ, ಮೂರನೇ ಸಲಕ್ಕೆ ಸತ್ತುಹೋಯಿತು. ಮೆದು ಹಿತ್ತಾಳೆಗೆ ವಾಪಸ್ ಬರುವ ಗುಣ ಕಡಿಮೆ. ಅದಕ್ಕೇ ಒಳ್ಳೆಯ ಕಾಂಟ್ಯಾಕ್ಟ್‌ಗಳನ್ನು ಫಾಸ್ಫರ್ ಬ್ರಾಂಜ್‌ನಲ್ಲಿ ಮಾಡುವುದು.

ಆಗ ಅಂಕಿ ಕಡೆಯಿಂದ ಯೋಚನೆ ಮಾಡಿದೆ. ವಾಲ್ವ್, ರೇಡಿಯೊ ಅನ್ನುವುದನ್ನೆಲ್ಲ ಮರೆತು, 2.36 ಮಿ.ಮೀ. ದಪ್ಪದ ದುಂಡು ಪಿನ್ ಬೇರೆ ಎಲ್ಲಿದೆ ಅಂತ ಹುಡುಕಿದೆ. 2.36 ಅಂದರೆ 0.093 ಇಂಚು. ಮೋಲೆಕ್ಸ್ ಅನ್ನುವ ವೈರ್ ಕನೆಕ್ಟರ್ ನೋಡಿರುತ್ತೀರಿ, ಬಿಳಿ ನೈಲಾನ್ ಮನೆ, ಒಳಗೆ ದುಂಡು ಪಿನ್ನುಗಳು. ಅದರಲ್ಲಿ ಎರಡು ಪ್ರಸಿದ್ಧ ಅಳತೆ, 0.062 ಇಂಚು ಮತ್ತು 0.093 ಇಂಚು. ದೊಡ್ಡದರ ಹೆಣ್ಣು ಟರ್ಮಿನಲ್, ಅಂದರೆ ಪಿನ್ ಒಳಗೆ ತೂರುವ ಭಾಗ, ಆಕ್ಟಲ್ ಕಾಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಬೆಂಗಳೂರಿಗೆ ಹೋಗುವ ಸ್ನೇಹಿತನಿಗೆ ಹೇಳಿ ಎಸ್.ಪಿ. ರಸ್ತೆಯಿಂದ ಐವತ್ತು ತರಿಸಿದೆ. ಒಂದನ್ನು ವಾಲ್ವಿನ ಕಾಲಿಗೆ ತೂರಿಸಿದೆ. ಸಣ್ಣ ಪ್ರತಿರೋಧ, ಆಮೇಲೆ ನುಣ್ಣಗೆ ಜಾರಿ ನಿಂತಿತು. ಆ ರಾತ್ರಿ ಊಟ ರುಚಿಯಾಗಿತ್ತು.

ಇದೇ ಲೆಕ್ಕ ಬೇರೆ ಕಡೆಯೂ ನಡೆಯುತ್ತದೆ. ಒಂಬತ್ತು ಕಾಲಿನ ಸಣ್ಣ ಗಾಜಿನ ವಾಲ್ವ್‌ಗಳಿವೆಯಲ್ಲ, ನೋವಾಲ್ ಅನ್ನುವುದು, ಇಎಲ್84 ತರಹದ್ದು. ಅದರ ಕಾಲು 0.040 ಇಂಚು, ಒಂದು ಮಿ.ಮೀ. ಚಿಲ್ಲರೆ. ಹಳೆ ಕಂಪ್ಯೂಟರ್ ಹಿಂಬದಿಯ ಡಿ ಆಕಾರದ ಸೀರಿಯಲ್ ಪೋರ್ಟಿನ ಪಿನ್ನೂ ಅಷ್ಟೇ ದಪ್ಪ. ಆ ಹೆಣ್ಣು ಪಿನ್ನುಗಳನ್ನು ಬಿಡಿಸಿಕೊಂಡರೆ ನೋವಾಲ್ ಸಾಕೆಟ್ ಆಗುತ್ತದೆ. ಐಸಿ ಹಾಕುವ ದುಂಡು ಪಿನ್ನಿನ ಸಾಕೆಟ್ ಮಾತ್ರ ಇದಕ್ಕೆ ಆಗದು. ಅದು ಅರ್ಧ ಮಿ.ಮೀ. ಆಸುಪಾಸಿನ ಕಾಲಿಗೆ ಮಾಡಿದ್ದು. ದಪ್ಪ ಕಾಲು ತುರುಕಿದರೆ ಒಳಗಿನ ಸ್ಪ್ರಿಂಗ್ ಬಾಯಿ ಬಿಟ್ಟು, ಆಮೇಲೆ ಐಸಿಗೂ ಆಗುವುದಿಲ್ಲ.

ಹಲಗೆ, ಎರಡು ಅಂತಸ್ತು

ಮೊದಲು 3ಡಿ ಪ್ರಿಂಟರ್ ಇರುವ ಹುಡುಗನೊಬ್ಬನ ಹತ್ತಿರ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿಸಿದೆ. ನೋಡಲು ಬಹಳ ಚೆಂದ. ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ ಅನ್ನುವುದು ನನಗೆ ಗೊತ್ತಿತ್ತು, ಆದರೂ ಆಸೆ. 6ವಿ6ರ ಹೀಟರ್ ಒಂದೇ 2.8 ವ್ಯಾಟ್, ಪ್ಲೇಟ್ ಇನ್ನು ಹತ್ತು ಹನ್ನೆರಡು ವ್ಯಾಟ್ ಬಿಸಿ ಕೊಡುತ್ತದೆ. ಮೇಜಿನ ಮೇಲೆ ಬರೀ ಹೀಟರ್ ಹಚ್ಚಿ, ಪಕ್ಕದಲ್ಲಿ ಒಂದು 40 ವ್ಯಾಟ್ ಬಲ್ಬ್ ಇಟ್ಟು ಒಂದು ಗಂಟೆ ಬಿಟ್ಟೆ. ವಾಲ್ವ್ ಕುಡಿದವನ ಹಾಗೆ ಒಂದು ಕಡೆಗೆ ವಾಲಿತ್ತು.

ಮತ್ತೆ ಅದೇ ಮೋಟಾರ್ ಅಂಗಡಿ. ವೈಂಡಿಂಗ್‌ನವರ ಹತ್ತಿರ ಹೈಲಮ್ ಶೀಟ್ ಇದ್ದೇ ಇರುತ್ತದೆ. ಕಂದು ಬಣ್ಣದ, ಕಾಗದ ಮತ್ತು ಫೀನಾಲಿಕ್ ಅಂಟಿನ ಗಟ್ಟಿ ಹಾಳೆ. 3 ಮಿ.ಮೀ.ದು ಒಂದು ತುಂಡು, 1.5 ಮಿ.ಮೀ.ದು ಒಂದು ತುಂಡು ಸುಮ್ನೆ ಕೊಟ್ಟರು. ಟೀ ಕೊಡಿಸಿದೆ.

ಕಾಂಟ್ಯಾಕ್ಟ್ ಕೂರಿಸುವ ರೀತಿಯನ್ನು ಮೋಲೆಕ್ಸ್‌ನಿಂದಲೇ ಕದ್ದೆ. ಆ ಟರ್ಮಿನಲ್‌ನ ಪಕ್ಕದಲ್ಲಿ ಎರಡು ಪುಟ್ಟ ರೆಕ್ಕೆಗಳಿವೆ. ಹಿಂದಿನಿಂದ ತೂರಿಸಿದರೆ ರೆಕ್ಕೆ ಮಡಚಿ ಒಳಗೆ ಹೋಗಿ, ಆಚೆ ಬದಿಯಲ್ಲಿ ಬಿಚ್ಚಿಕೊಂಡು ಟಕ್ ಅನ್ನುತ್ತದೆ. ಮತ್ತೆ ಹಿಂದೆ ಬರುವುದಿಲ್ಲ. ದಪ್ಪ ಹೈಲಮ್ಮನ್ನು ಕೆಳಗಿನ ಅಂತಸ್ತು ಮಾಡಿ, ಟರ್ಮಿನಲ್ ಕೆಳಗಿನಿಂದ ತೂರಿ ರೆಕ್ಕೆ ಮೇಲೆ ಬಿಚ್ಚಿಕೊಳ್ಳುವಷ್ಟು ತೂತು ಕೊರೆದೆ. ವಾಲ್ವ್ ಒತ್ತಿದಾಗ ಕಾಂಟ್ಯಾಕ್ಟ್ ಕೆಳಗೆ ಜಾರದಂತೆ ಆ ರೆಕ್ಕೆ ತಡೆಯುತ್ತದೆ. ತೆಳ್ಳನೆಯ ಹೈಲಮ್ ಮೇಲಿನ ಅಂತಸ್ತು. ಅದರ ತೂತು 2.8 ಮಿ.ಮೀ. ಮಾತ್ರ, ವಾಲ್ವಿನ ಕಾಲು ನುಗ್ಗುತ್ತದೆ, ಟರ್ಮಿನಲ್‌ನ ಮೈ ನುಗ್ಗುವುದಿಲ್ಲ. ವಾಲ್ವ್ ಕೀಳುವಾಗ ಕಾಂಟ್ಯಾಕ್ಟ್ ಜೊತೆಯಲ್ಲೇ ಎದ್ದು ಬರದಂತೆ ಇದು ತಡೆ. ಎರಡರ ನಡುವೆ ವಾಷರ್‌ಗಳು, ಬೋಲ್ಟ್ ಎರಡು. ಹಳೆ ಸಾಕೆಟ್‌ನ ರಿವೆಟ್ ಕೊರೆದು ತೆಗೆದ ತೂತುಗಳಲ್ಲೇ ಆ ಬೋಲ್ಟ್ ಕೂರುತ್ತದೆ.

ಕಾಂಟ್ಯಾಕ್ಟ್ ಸ್ವಲ್ಪ ಅಲ್ಲಾಡಬೇಕು, ಇದು ಮುಖ್ಯ. ಅಂಟು ಹಾಕಿ ಎಂಟನ್ನೂ ಗಟ್ಟಿ ಮಾಡಿದರೆ ನನ್ನ ಡ್ರಿಲ್‌ನ ಸಣ್ಣಪುಟ್ಟ ತಪ್ಪುಗಳೆಲ್ಲ ವಾಲ್ವಿನ ಕಾಲಿನ ಮೇಲೆ ಬೀಳುತ್ತವೆ. ಗಾಜಿನ ಕಾಲಿನ ವಾಲ್ವ್ ಆಗಿದ್ದರೆ ಸೀಳೇ ಬರುತ್ತದೆ. ಅರ್ಧ ಮಿ.ಮೀ. ಆಡುವ ಜಾಗ ಬಿಟ್ಟೆ.

ಕೊನೆಗೆ ಹ್ಯಾಕ್ಸಾ ಬ್ಲೇಡಿನಲ್ಲಿ ಎರಡು ಸೀಳು. ಮೂರನೇ ಕಾಲಿನ ಅಕ್ಕಪಕ್ಕ, ಅಂದರೆ 2-3ರ ನಡುವೆ ಮತ್ತು 3-4ರ ನಡುವೆ, ಎರಡೂ ಹಲಗೆಯಲ್ಲಿ. ಎರಡು ಪಿನ್ನುಗಳ ನಡುವೆ ಗಾಳಿಯ ದೂರ 4 ಮಿ.ಮೀ. ಇದ್ದರೂ ಕಿಡಿ ಸಾಮಾನ್ಯವಾಗಿ ಗಾಳಿಯಲ್ಲಿ ಹಾರುವುದಿಲ್ಲ. ಹಲಗೆಯ ಮೈ ಮೇಲೆ ಕೂತ ಕೊಳೆ, ತೇವ ಹಿಡಿದು ತೆವಳುತ್ತದೆ. ದಾರಿಯಲ್ಲಿ ಒಂದು ಹಳ್ಳ ತೋಡಿದರೆ ಅದಕ್ಕೆ ತೆವಳಲು ಮೈಯೇ ಇಲ್ಲ. ಬೆಲ್ಲದ ಆವಿ ಕುಡಿಯುವ ರೇಡಿಯೊಗೆ ಇದು ಬೇಕೇ ಬೇಕು ಅಂತ ನನ್ನ ಲೆಕ್ಕ.

ನಡುವೆ 8 ಮಿ.ಮೀ. ತೂತು ಕೊರೆದು, ಸೂಜಿ ಅರದಲ್ಲಿ ಏಣಿನ ತೋಡು ಉಜ್ಜಿದೆ. ಈ ತೋಡು ಬಿಟ್ಟರೆ ವಾಲ್ವನ್ನು ಎಂಟು ರೀತಿ ಸಿಕ್ಕಿಸಬಹುದು, ಅದರಲ್ಲಿ ಏಳು ತಪ್ಪು.

ಬೆಸುಗೆಯಲ್ಲಿ ಎರಡು ಟರ್ಮಿನಲ್ ಹಾಳಾದವು. ವೈರ್ ಒತ್ತುವ ಕ್ರಿಂಪ್ ಇಕ್ಕಳ ನನ್ನ ಹತ್ತಿರ ಇಲ್ಲ, ಹಾಗಾಗಿ ಬೆಸೆದೆ. ಸೀಸ ಬಾಲದಿಂದ ಹರಿದು ಮೇಲಿನ ಸ್ಪ್ರಿಂಗಿನೊಳಗೆ ತುಂಬಿಕೊಂಡಿತು. ಆಮೇಲೆ ಬುದ್ಧಿ ಬಂದು, ಸತ್ತ ವಾಲ್ವೊಂದನ್ನು ಸಾಕೆಟ್‌ಗೆ ಸಿಕ್ಕಿಸಿ, ಕಾಲುಗಳನ್ನು ಮೇಲೆ ಮಾಡಿ, ಬಾಲಕ್ಕೆ ಮಾತ್ರ ಚಿಟಿಕೆ ಸೀಸ ಕೊಟ್ಟೆ. ಸತ್ತ ವಾಲ್ವ್ ಕಾಂಟ್ಯಾಕ್ಟ್‌ಗಳನ್ನು ನೆಟ್ಟಗೂ ಹಿಡಿಯುತ್ತದೆ. ಸತ್ತ ವಾಲ್ವ್ ಎಸೆಯಬೇಡಿ.

ಗುರುವಾರ ರಾತ್ರಿ: ಕನ್ನಡಿ

ಇದನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.

ಸಾಕೆಟ್ ಕೂರಿಸಿ ಎಲ್ಲ ವೈರ್ ಬೆಸೆದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ 5ವೈ3 ಹೊರಗೇ ಇಟ್ಟೆ. ಅದಿಲ್ಲದಿದ್ದರೆ ಹೈ ವೋಲ್ಟೇಜ್ ಹುಟ್ಟುವುದಿಲ್ಲ, ಬರೀ ಹೀಟರ್ ಉರಿಯುತ್ತದೆ. ಸ್ವಿಚ್ ಹಾಕಿದೆ. 6ವಿ6 ಒಳಗೆ ಕೆಂಪು ಬೆಳಕು ನಿಧಾನಕ್ಕೆ ಮೂಡಿತು. ಗೆದ್ದೆ ಅಂದುಕೊಂಡು ರೆಕ್ಟಿಫೈಯರ್ ಕೈಗೆ ತೆಗೆದುಕೊಂಡೆ. ಮನೆಯವಳು ಊಟಕ್ಕೆ ಕರೆದಳು. ಒಂದು ಐದು ನಿಮಿಷ ಅಂದು, ಯಾಕೋ ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿದೆ. ಐದನೇ ಕಾಲು ಗ್ರಿಡ್, ಸಿಗ್ನಲ್ ವಾಲ್ವಿಗೆ ಬರುವ ಜಾಗ. ಅಲ್ಲಿಂದ ಚಾಸಿಗೆ 470 ಕಿಲೋ ಓಮ್ ಬರಬೇಕು. ಬರಲಿಲ್ಲ. ಮೀಟರ್ ಅಂಕಿ ಏರುತ್ತಾ ಹೋಯಿತು, ದೊಡ್ಡ ಕೆಪಾಸಿಟರ್ ತುಂಬಿಕೊಳ್ಳುವ ಹಾಗೆ. ನಾಲ್ಕನೇ ಕಾಲಿಗೆ ಹಿಡಿದರೆ 470 ಕಿಲೋ ಓಮ್ ಅಲ್ಲಿ ಕೂತಿದೆ!

ವಾಲ್ವ್ ಕಾಲುಗಳನ್ನು ಎಣಿಸುವುದು ಕೆಳಗಿನಿಂದ ನೋಡಿ, ಏಣಿನಿಂದ ಶುರು ಮಾಡಿ, ಗಡಿಯಾರದ ದಿಕ್ಕಿನಲ್ಲಿ. ನಾನು ಹಲಗೆಯ ಮೇಲ್ಮೈಯಲ್ಲಿ ಗಡಿಯಾರದ ದಿಕ್ಕಿನಲ್ಲಿ ನಂಬರ್ ಬರೆದು, ಅದನ್ನೇ ನಂಬಿ ಕೆಳಗೆ ಬೆಸೆದಿದ್ದೆ. ಪೂರ್ತಿ ಕನ್ನಡಿ ಬಿಂಬ. ಒಂದು ಎಂಟಾಗಿದೆ, ಮೂರು ಆರಾಗಿದೆ, ನಾಲ್ಕು ಐದಾಗಿದೆ. ತಮಾಷೆ ಏನೆಂದರೆ ಎರಡು ಏಳಾಗಿದೆ, ಏಳು ಎರಡಾಗಿದೆ, ಮತ್ತು 6ವಿ6ರ ಹೀಟರ್ ಇರುವುದು ಆ ಎರಡು, ಏಳರಲ್ಲೇ. ಅದಲು ಬದಲಾದರೂ ಹೀಟರ್ ಹಾಗೇ ಉರಿಯುತ್ತದೆ. ಆ ಕೆಂಪು ಬೆಳಕು ನನಗೆ ಚೆನ್ನಾಗಿ ಟೋಪಿ ಹಾಕಿತ್ತು. ರೆಕ್ಟಿಫೈಯರ್ ಸಿಕ್ಕಿಸಿದ್ದರೆ ನಾಲ್ಕನೇ ಕಾಲಿಗೆ ಹೋಗಬೇಕಾದ 250 ವೋಲ್ಟ್ ನೇರ ಐದನೇ ಕಾಲಿನ ಆ ಗ್ರಿಡ್ ಮೇಲೆ ಕೂರುತ್ತಿತ್ತು. ಕ್ಯಾಥೋಡ್ ವೈರೂ ಖಾಲಿ ಕಾಲಿಗೆ ಹೋಗಿದ್ದರಿಂದ ಕರೆಂಟಿಗೆ ದಾರಿ ಇಲ್ಲದೆ ವಾಲ್ವ್ ಬದುಕುತ್ತಿತ್ತೇನೋ. ಪರೀಕ್ಷೆ ಮಾಡಿ ನೋಡುವ ಆಸೆ ನನಗಿಲ್ಲ.

ಎಂಟೂ ವೈರ್ ಬಿಡಿಸಿ ಮತ್ತೆ ಬೆಸೆದೆ. ಈ ಸಲ ನಂಬರನ್ನು ಹಲಗೆಯ ತಳದಲ್ಲಿ, ಬೆಸುಗೆ ಬೀಳುವ ಬದಿಯಲ್ಲೇ ಕೆತ್ತಿದೆ. ಊಟ ಹತ್ತೂವರೆಗೆ, ತಣ್ಣಗೆ.

ಒಂದು ಆಂಪಿಯರ್ ಬಿಟ್ಟು ನೋಡಿ

ಕಾಂಟ್ಯಾಕ್ಟ್ ಚೆನ್ನಾಗಿದೆಯಾ ಅಂತ ಓಮ್ ಮೀಟರ್ ಹೇಳುವುದಿಲ್ಲ. ಅದರ ವೈರಿನ ಓಮೇ ಅದಕ್ಕಿಂತ ಜಾಸ್ತಿ. ಕಾಂಟ್ಯಾಕ್ಟ್ ಮೂಲಕ ಒಂದು ಆಂಪಿಯರ್ ಬಿಟ್ಟು, ಅದರ ಎರಡು ತುದಿಯ ನಡುವೆ ಎಷ್ಟು ಮಿಲಿವೋಲ್ಟ್ ಬೀಳುತ್ತದೆ ನೋಡಬೇಕು. ಬಿದ್ದಷ್ಟು ಮಿಲಿವೋಲ್ಟ್, ಅಷ್ಟು ಮಿಲಿ ಓಮ್. ಲೆಕ್ಕವೇ ಬೇಡ. ಇದಕ್ಕೆ ಇನ್ನೊಂದು ಸತ್ತ ವಾಲ್ವಿನ ಗಾಜು ತೆಗೆದು ಬರೀ ಬೇಸ್ ಇಟ್ಟುಕೊಂಡೆ. ಆಕ್ಟಲ್ ಕಾಲುಗಳು ಒಳಗೆ ಟೊಳ್ಳು. ಒಂದೊಂದರೊಳಗೂ ವೈರ್ ಇಳಿಸಿ ತುದಿಯಲ್ಲಿ ಬೆಸೆದರೆ ಪರೀಕ್ಷೆಯ ಪ್ಲಗ್ ತಯಾರು. ತುದಿಯಲ್ಲಿ ಸೀಸದ ಗುಬುಟು ಉಳಿದರೆ ಅರದಲ್ಲಿ ಉಜ್ಜಿಬಿಡಿ, ಇಲ್ಲದಿದ್ದರೆ ಅದು ಹೊಸ ಕಾಂಟ್ಯಾಕ್ಟ್‌ನ ಬಾಯಿ ಅಗಲಿಸುತ್ತದೆ.

ಹೊಸ ಸಾಕೆಟ್‌ನ ಎಂಟೂ ಕಾಂಟ್ಯಾಕ್ಟ್ 10 ಮಿಲಿವೋಲ್ಟ್ ಒಳಗೆ ಬಂದವು. ಖುಷಿಯಲ್ಲಿ ರೆಕ್ಟಿಫೈಯರ್‌ನ ಹಳೆ ಸಾಕೆಟ್‌ಗೂ ಪ್ಲಗ್ ಹಾಕಿದೆ. 210 ಮಿಲಿವೋಲ್ಟ್! 5ವೈ3ರ ಫಿಲಮೆಂಟ್ 5 ವೋಲ್ಟ್, 2 ಆಂಪಿಯರ್ ಎಳೆಯುತ್ತದೆ. ಆ ಒಂದು ಕಾಲಿನಲ್ಲೇ 0.4 ವೋಲ್ಟ್ ಮಾಯ, 0.8 ವ್ಯಾಟ್ ಬಿಸಿ. ಸಾಕೆಟ್ ಆ ಜಾಗದಲ್ಲಿ ಯಾಕೆ ಕಂದುಬಣ್ಣಕ್ಕೆ ತಿರುಗಿತ್ತು ಅಂತ ಈಗ ತಿಳಿಯಿತು. ಅದಕ್ಕೆ ಕಿಡಿಯ ಗೆರೆ ಇರಲಿಲ್ಲ, ಹಾಗಾಗಿ ಬದಲಾಯಿಸಲಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ದಬ್ಬಣದ ತುದಿಯಲ್ಲಿ ತಗಡನ್ನು ಒಳಕ್ಕೆ ಒತ್ತಿ ಬಿಗಿ ಮಾಡಿದೆ. 15ಕ್ಕೆ ಇಳಿಯಿತು. ಸಾಕು.

ಮತ್ತೆ ಮೆಗ್ಗರ್. ಹೊಸ ಸಾಕೆಟ್‌ನ 2 ಮತ್ತು 3ರ ನಡುವೆ ಮುಳ್ಳು ಅನಂತದ ಗುರುತು ಬಿಟ್ಟು ಅಲ್ಲಾಡಲಿಲ್ಲ. ಇದನ್ನು ವೈರ್ ಬೆಸೆಯುವ ಮುಂಚೆಯೇ ಮಾಡಿದ್ದೆ, ಬರೆಯುವ ಹೊತ್ತಿಗೆ ಹಿಂದೆ ಮುಂದೆ ಆಯಿತು. ವೈರ್, ಕೆಪಾಸಿಟರ್ ಇರುವ ಸರ್ಕ್ಯೂಟಿಗೆ ಮೆಗ್ಗರ್ ಹಿಡಿಯಬಾರದು.

ತಲೆ ಮೇಲೆ ತಟ್ಟಿದ್ದು

ಎಲ್ಲ ಮುಗಿಯಿತು ಅಂತ ಚಾಸಿಯನ್ನು ಪೆಟ್ಟಿಗೆಗೆ ಸೇರಿಸುವಾಗ ಸ್ಪೀಕರ್ ಪ್ಲಗ್ ಕೈಗೆ ಸಿಕ್ಕಿತು. ಎರಡು ಪಿನ್ನಿನ ಹಳೆಯ ಪ್ಲಗ್. ಸಿಕ್ಕಿಸಿದರೆ ಲಡಲಡ. ಆಗ ಮಾವನ ಮಾತು ನೆನಪಾಯಿತು. ಸೌಂಡು ಹೋಗಿ ಬರೋದು, ತಟ್ಟಿದ್ರೆ ಸರಿಹೋಗೋದು.

ಸಾಕೆಟ್ ಸುಟ್ಟದ್ದು ಕಾಯಿಲೆಯ ಗುರುತು ಅಷ್ಟೆ, ಕಾಯಿಲೆ ಇಲ್ಲಿತ್ತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಸ್ಪೀಕರ್ ಸೇರಿದ್ದರೆ 6ವಿ6ಗೆ ಭಾರ ಇರುತ್ತದೆ. ವಾಲ್ಯೂಮ್ ಜೋರಾಗಿರುವಾಗ ಸ್ಪೀಕರ್ ಕಳಚಿದರೆ ಆ ಶಕ್ತಿಗೆ ಹೋಗಲು ಜಾಗವಿಲ್ಲ. ಟ್ರಾನ್ಸ್‌ಫಾರ್ಮರ್ ಕಾಯಿಲ್ ಅದನ್ನು ವೋಲ್ಟೇಜಾಗಿ ಪ್ಲೇಟ್ ಕಡೆಗೇ ತಿರುಗಿ ಎಸೆಯುತ್ತದೆ. 250 ಇರುವ ಕಡೆ ಅದರ ಎಷ್ಟೋ ಪಟ್ಟು. ಮೂರನೇ ಕಾಲಿನಿಂದ ಎರಡಕ್ಕೆ ಕಿಡಿ ಹಾರುವುದು ಆಗಲೇ. ಮಾವ ಒಂದೊಂದು ಸಲ ತಟ್ಟಿದಾಗಲೂ ಪ್ಲಗ್ ಬಿಟ್ಟು ಹಿಡಿದು, ಬಿಟ್ಟು ಹಿಡಿದು, ಸಾಕೆಟ್ ಮೇಲೆ ಒಂದೊಂದು ಗೀರು ಬಿದ್ದಿರಬೇಕು. ಈ ಪ್ಲಗ್ ಹೀಗೇ ಬಿಟ್ಟಿದ್ದರೆ ನನ್ನ ಹೈಲಮ್ ಸಾಕೆಟ್ಟೂ ಒಂದು ದಿನ ಪಟ್ ಅನ್ನುತ್ತಿತ್ತು, ಹಳ್ಳ ತೋಡಿದ್ದರೂ.

ಇಲ್ಲಿ ಹೊಸ ಕನೆಕ್ಟರ್ ಹಾಕಬೇಕಾ ಅಂತ ಸ್ವಲ್ಪ ಹೊತ್ತು ಯೋಚಿಸಿದೆ. ಬೇಡ ಅನ್ನಿಸಿತು. ಪದೇ ಪದೇ ಬದಲಾಯಿಸುವ ವಸ್ತುವಿಗೆ ಸಾಕೆಟ್ ಬೇಕು, ವಾಲ್ವ್ ಹಾಗೆ. ಈ ಸ್ಪೀಕರ್ ಕಳಚುವುದು ಹತ್ತು ವರ್ಷಕ್ಕೊಮ್ಮೆ. ವೈರ್‌ಗಳನ್ನು ಚಾಸಿ ಪೂರ್ತಿ ಹೊರಗೆ ಎಳೆಯುವಷ್ಟು ಉದ್ದ ಬಿಟ್ಟು, ನೇರ ಬೆಸೆದೆ. ಪೆಟ್ಟಿಗೆಯ ಒಳಗೆ ಒಂದು ಗಂಟು ಹಾಕಿ ಕ್ಲಿಪ್ ಹೊಡೆದೆ, ಜಗ್ಗಿದರೂ ಬೆಸುಗೆಗೆ ನೋವಾಗಬಾರದು. ಜೊತೆಗೆ ಟ್ರಾನ್ಸ್‌ಫಾರ್ಮರ್‌ನ ಸ್ಪೀಕರ್ ಬದಿಗೆ ಅಡ್ಡಲಾಗಿ 100 ಓಮ್, 5 ವ್ಯಾಟ್ ರೆಸಿಸ್ಟರ್ ಒಂದು. ಸ್ಪೀಕರ್ ಇರುವಾಗ ಅದು ಹೆಚ್ಚೇನೂ ತಿನ್ನುವುದಿಲ್ಲ. ಸ್ಪೀಕರ್ ಹೋದರೆ ಶಕ್ತಿಗೆ ಹೋಗಲು ಒಂದು ಓಣಿಯಾದರೂ ಇರಲಿ.

6ವಿ6ರ ಗ್ರಿಡ್‌ಗೆ ಬರುವ ಹಳೆ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು, ಅದನ್ನೂ ಬದಲಾಯಿಸಿದೆ. ಅದರ ಕಥೆ ಹಳೆ ರೇಡಿಯೊ ಬಿಚ್ಚುವವರಿಗೆಲ್ಲ ಗೊತ್ತಿರುವಂಥದ್ದೇ.

ಮೊದಲ ಸಲ ಸೀರೀಸ್ ಬಲ್ಬ್ ಹಾಕಿಯೇ ಹಚ್ಚಿದೆ, ಅಂದರೆ ರೇಡಿಯೊಗೆ ಹೋಗುವ ಕರೆಂಟಿನ ದಾರಿಯಲ್ಲೇ ಒಂದು ಬಲ್ಬ್; ಒಳಗೆ ಶಾರ್ಟ್ ಇದ್ದರೆ ಅದು ಜೋರಾಗಿ ಉರಿಯುತ್ತಲೇ ಇರುತ್ತದೆ. 60 ವ್ಯಾಟಿನ ಬಲ್ಬ್ ಒಮ್ಮೆ ಜೋರಾಗಿ ಉರಿದು, ಮಂಕಾಗಿ ನಿಂತಿತು. ಒಳ್ಳೆಯ ಲಕ್ಷಣ. ಬಲ್ಬ್ ತೆಗೆದು ನೇರ ಕೊಟ್ಟೆ. ಅರ್ಧ ನಿಮಿಷ ಮೌನ, ಆಮೇಲೆ ಗುಂಯ್ ಅನ್ನುವ ಸಣ್ಣ ಸದ್ದು, ಮುಳ್ಳು ತಿರುಗಿಸಿದರೆ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ.

ಶನಿವಾರ ಮಾವ ಬಂದರು. ಒಂದು ಬಾಕ್ಸ್ ಅಚ್ಚು ಬೆಲ್ಲವೂ ಬಂತು. ರೇಡಿಯೊ ಹಾಕಿ ತೋರಿಸಿದೆ. ಕಿವಿ ಹತ್ತಿರ ಇಟ್ಟು ಕೇಳಿದರು.

"ಮೈಸೂರು ಎಲ್ಲಪ್ಪ?"

"ಮೈಸೂರು 100.6, ಎಫ್‌ಎಂ ಮಾವ. ಈ ಪೆಟ್ಟಿಗೆಗೆ ಎಫ್‌ಎಂ ಗೊತ್ತಿಲ್ಲ."

"ಅದ್ನೂ ಒಂದು ಕೂರ್ಸಿಬುಡು."

"ಮೊದಲು ಇದನ್ನ ಕೊಪ್ಪರಿಗೆಯಿಂದ ದೂರ ಇಡಿ. ಬಾಗಿಲ ಆಚೆ, ಜಗಲಿ ಮೇಲೆ."

"ಆಯ್ತು ಬುಡು" ಅಂದರು. ಅಂದವರೇ, ಯಾವ ಕಾರಣವೂ ಇಲ್ಲದೆ, ಅಭ್ಯಾಸಬಲದಿಂದ ಕೈ ಎತ್ತಿ ಅದರ ತಲೆ ಮೇಲೆ ಒಂದು ತಟ್ಟಿದರು. ನನ್ನ ಎದೆ ಝಲ್ ಅಂದಿತು. ಹಾಡು ನಿಲ್ಲಲಿಲ್ಲ.